ಮತ್ತೆ ವಿಮಾನ ಹಾರಿಸಲು ಹೊರಟವರಿಗೆ ಫ್ಲೈಸ್ಕೈ ಎಫ್‌ಎಸ್-ಐ6

ಕಾಲೇಜು ದಿನಗಳಲ್ಲಿ ರೇಡಿಯೋ ಕಂಟ್ರೋಲ್ ವಿಮಾನ ಹಾರಿಸಿ, ಆಮೇಲೆ ಕೆಲಸ, ಸಂಸಾರ, ವರ್ಗಾವಣೆ ಅಂತ ಕೈಬಿಟ್ಟವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ. ಈಗ ಮಕ್ಕಳು ದೊಡ್ಡವರಾಗಿದ್ದಾರೆ, ಬೆಳಗಿನ ಹೊತ್ತು ಬಿಡುವಿದೆ, ಕೈ ತುರಿಸುತ್ತದೆ. ಮೊದಲು ಏನು ಕೊಳ್ಳಬೇಕು ಅಂತ ಕೇಳುತ್ತಾರೆ. ವಿಮಾನ ಆಮೇಲೆ ನೋಡೋಣ, ಮೊದಲು ರಿಮೋಟ್ ಕೊಳ್ಳಿ ಅನ್ನುತ್ತೇನೆ. ಅದರಲ್ಲೂ ಫ್ಲೈಸ್ಕೈ ಎಫ್‌ಎಸ್-ಐ6. ದೀಪಾವಳಿ ಹೊತ್ತಿಗೆ ತಂದೆ, ಯುಗಾದಿ ದಾಟಿದರೂ ಕೈಯಿಂದ ಇಳಿಸಿಲ್ಲ. ಇದಕ್ಕಿಂತ ಒಳ್ಳೆಯ ರಿಮೋಟುಗಳು ಇವೆ. ಆದರೆ ಹಳಬರು ವಾಪಸ್ ಬರಲು ಇಷ್ಟು ಸಲೀಸಾದ ಬಾಗಿಲು ಬೇರೆ ಕಂಡಿಲ್ಲ.

ನಾನು ಹಾರಿಸಲು ಕಲಿತದ್ದು ಎಂಬತ್ತರ ದಶಕದ ಬೆಂಗಳೂರಿನಲ್ಲಿ, ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾಗ. ಅಲ್ಲಿ ಮೊದಲು ಕಲಿಸುತ್ತಿದ್ದದ್ದು ಕಂಟ್ರೋಲ್ ಲೈನ್. ಎರಡು ತೆಳ್ಳನೆ ಸ್ಟೀಲ್ ತಂತಿ, ಕೈಯಲ್ಲಿ ಒಂದು ಹಿಡಿ, ವಿಮಾನ ನಮ್ಮ ಸುತ್ತ ಗಿರಗಿರ ಸುತ್ತಬೇಕು, ಅದರ ಜೊತೆ ನಾವೂ. ರೇಡಿಯೋ ಕೈಗೆ ಸಿಕ್ಕಿದ್ದು ಆಮೇಲೆ. ಎಚ್‌ಎಎಲ್‌ನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರ ಹತ್ತಿರ 72 ಮೆಗಾಹರ್ಟ್ಸ್ ಸೆಟ್ ಇತ್ತು. ಅವರ ಸಂಬಂಧಿಕರು ಅಮೆರಿಕದಿಂದ ತಂದುಕೊಟ್ಟದ್ದು. ಅದನ್ನು ಮುಟ್ಟಲು ಬಿಡುತ್ತಿದ್ದದ್ದೇ ದೊಡ್ಡ ಮಾತು.

ಆಗಿನ ಪಾಡು ಗೊತ್ತಿದ್ದವರಿಗೇ ಈಗಿನ ಸುಖ ಎಷ್ಟು ಅಂತ ಗೊತ್ತಾಗುವುದು. ರಿಮೋಟಿನ ಒಳಗೊಂದು, ಅದರ ಮಾತು ಕೇಳಲು ವಿಮಾನದಲ್ಲಿರುವ ರಿಸೀವರ್ ಒಳಗೊಂದು ಕ್ರಿಸ್ಟಲ್, ಅಂದರೆ ರೇಡಿಯೋ ಚಾನೆಲ್ ಗೊತ್ತುಮಾಡುವ ಪುಟ್ಟ ಬಿಡಿಭಾಗ, ಇರುತ್ತಿತ್ತು. ಅವು ಯಾವ ಚಾನೆಲ್ಲಿನವೋ ಆ ಚಾನೆಲ್ ಮೇಲೆ ಮೈದಾನದಲ್ಲಿ ಇನ್ನೊಬ್ಬರು ರಿಮೋಟ್ ಆನ್ ಮಾಡಿದರೆ ಮುಗಿಯಿತು, ಹಾರುತ್ತಿದ್ದ ವಿಮಾನ ಯಾರ ಮಾತೂ ಕೇಳುತ್ತಿರಲಿಲ್ಲ. ಅದಕ್ಕೇ ಹಲಗೆಯೊಂದಕ್ಕೆ ಬಟ್ಟೆ ಕ್ಲಿಪ್ ಸಿಕ್ಕಿಸಿ, ನಂಬರ್ ಬರೆದು, ಕ್ಲಿಪ್ ಕೈಯಲ್ಲಿದ್ದವರು ಮಾತ್ರ ಆನ್ ಮಾಡಬೇಕು ಅನ್ನುವ ಕಟ್ಟುನಿಟ್ಟು. ಎಂಜಿನ್ ಕಥೆ ಬೇರೆ. ಮೆಥನಾಲ್‌ಗೆ ಹರಳೆಣ್ಣೆ ಬೆರೆಸಿ ಇಂಧನ ಮಾಡಬೇಕು. ಇಂಧನ ಹೊತ್ತಿಸುವ ಗ್ಲೋ ಪ್ಲಗ್ಗಿಗೆ ಒಂದೂವರೆ ವೋಲ್ಟಿನ ದಪ್ಪ ಸೆಲ್ ಕಟ್ಟಿ, ಬೆರಳಿನಿಂದ ಪ್ರೊಪೆಲರ್ ಚಿಮ್ಮಿಸಿ ಚಿಮ್ಮಿಸಿ ಶುರು ಮಾಡಬೇಕು. ಇಂಧನದ ಅಳತೆ ಹೊಂದಿಸುವ ನೀಡಲ್ ವಾಲ್ವ್ ಒಂದು ಚೂರು ಜಾಸ್ತಿ ತಿರುಗಿದರೆ ಎಂಜಿನ್ ಉಸಿರುಗಟ್ಟುತ್ತದೆ, ಕಮ್ಮಿಯಾದರೆ ಮೇಲೆ ಹೋಗಿ ನಿಲ್ಲುತ್ತದೆ. ಇಡೀ ಭಾನುವಾರ ಕಳೆದು ಹಾರಿದ್ದು ಹತ್ತೇ ನಿಮಿಷ ಅನ್ನುವುದು ಮಾಮೂಲಿ ಸಂಗತಿ. ಮನೆಗೆ ಹೋದಾಗ ಅಂಗಿಯೆಲ್ಲ ಸುಟ್ಟ ಹರಳೆಣ್ಣೆ ವಾಸನೆ. ಆ ವಾಸನೆ ನನಗೆ ಇವತ್ತಿಗೂ ಇಷ್ಟ.

ಈಗ ರಿಮೋಟಿನ ವಿಷಯ. ಎಫ್‌ಎಸ್-ಐ6 ಆರು ಚಾನೆಲ್ಲಿನದು, ಅಂದರೆ ವಿಮಾನದ ಆರು ಬೇರೆ ಬೇರೆ ಕೆಲಸಗಳನ್ನು ನಡೆಸಬಹುದು. 2.4 ಗಿಗಾಹರ್ಟ್ಸ್‌ನಲ್ಲಿ, ಎಎಫ್‌ಎಚ್‌ಡಿಎಸ್ 2ಎ ಅನ್ನುವ ಫ್ಲೈಸ್ಕೈನವರದೇ ಪದ್ಧತಿಯಲ್ಲಿ ಕೆಲಸ ಮಾಡುತ್ತದೆ. ಕ್ರಿಸ್ಟಲ್ ಇಲ್ಲ, ಕ್ಲಿಪ್ ಇಲ್ಲ, ಎಳೆದು ಉದ್ದ ಮಾಡುವ ಏರಿಯಲ್ ಇಲ್ಲ. ರಿಮೋಟ್ ಒಂದೇ ಕಡೆ ನಿಲ್ಲದೆ ಒಂದು ಫ್ರೀಕ್ವೆನ್ಸಿಯಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋಗುತ್ತದೆ, ತನ್ನ ಜೊತೆ ಹೊಂದಿಸಿದ ರಿಸೀವರಿಗೆ ಮಾತ್ರ ಅದರ ಮಾತು ಅರ್ಥವಾಗುತ್ತದೆ. ಪಕ್ಕದಲ್ಲಿ ನಾಲ್ಕು ಜನ ಹಾರಿಸುತ್ತಿದ್ದರೂ ಚಿಂತೆ ಇಲ್ಲ. ಈ ಒಂದು ಸಂಗತಿಗೆ ಒಗ್ಗಿಕೊಳ್ಳಲು ನನಗೆ ಕಾಲ ಹಿಡಿಯಿತು. ಮೈದಾನಕ್ಕೆ ಇನ್ನೊಂದು ಕಾರು ಬಂದು ನಿಂತರೆ ಈಗಲೂ ಒಂದು ಕ್ಷಣ ಎದೆ ಧಸಕ್ ಅನ್ನುತ್ತದೆ.

ಹೊಂದಿಸುವುದಕ್ಕೆ ಬೈಂಡಿಂಗ್ ಅನ್ನುತ್ತಾರೆ. ರಿಸೀವರಿನ ಬಿ/ವಿಸಿಸಿ ಅಂತ ಬರೆದಿರುವ ಜಾಗಕ್ಕೆ ಪುಟ್ಟ ಬೈಂಡ್ ಪ್ಲಗ್ ಸಿಕ್ಕಿಸಿ ಕರೆಂಟ್ ಕೊಟ್ಟರೆ ಕೆಂಪು ದೀಪ ಪಟಪಟ ಮಿನುಗುತ್ತದೆ. ರಿಮೋಟಿನ ಬೈಂಡ್ ಗುಂಡಿ ಒತ್ತಿ ಹಿಡಿದುಕೊಂಡೇ ಆನ್ ಮಾಡಬೇಕು. ಮಿನುಗು ನಿಧಾನವಾಗುತ್ತದೆ. ಪ್ಲಗ್ ಕಿತ್ತು, ಎರಡನ್ನೂ ಆರಿಸಿ ಮತ್ತೆ ಆನ್ ಮಾಡಿದರೆ ದೀಪ ಅಲುಗದೆ ಉರಿಯುತ್ತದೆ. ಅಷ್ಟೇ ಕೆಲಸ. ನೆನಪಿನಲ್ಲಿ 20 ವಿಮಾನಗಳ ಸೆಟ್ಟಿಂಗ್ ಇಟ್ಟುಕೊಳ್ಳುತ್ತದೆ. ಹಳೆ ಸೆಟ್ಟುಗಳಲ್ಲಿ ವಿಮಾನ ಬದಲಾಯಿಸಿದಾಗಲೆಲ್ಲ ರಿವರ್ಸ್ ಸ್ವಿಚ್ಚು, ಟ್ರಿಮ್ಮು (ನೆಟ್ಟಗೆ ಹಾರಲು ಕೊಡುವ ಸಣ್ಣ ತಿದ್ದುಪಡಿ) ಎಲ್ಲ ಮೊದಲಿಂದ ನೋಡಿಕೊಳ್ಳಬೇಕಿತ್ತು. ಆ ಕಾಟ ತಪ್ಪಿತು.

ಕೈಗೆ ಹೇಗಿದೆ? ಹಗುರ, ನಾನೂರು ಗ್ರಾಂ ಕೂಡ ಇಲ್ಲ. ಪ್ಲಾಸ್ಟಿಕ್ ಸಾಧಾರಣದ್ದು. ಹಳೆಯ ಫುಟಾಬಾ ಕಂಪನಿ ರಿಮೋಟುಗಳ ತೂಕ, ಲೋಹದ ತಣ್ಣನೆ ಸ್ಪರ್ಶ ಬೇಕು ಅನ್ನುವವರಿಗೆ ಇದು ಆಟದ ಸಾಮಾನಿನಂತೆ ಕಾಣಬಹುದು. ಸ್ಟಿಕ್ ಹಿಡಿದ ಮೇಲೆ ಆ ಅನುಮಾನ ಉಳಿಯುವುದಿಲ್ಲ. ಸ್ಪ್ರಿಂಗ್ ಹದವಾಗಿದೆ. ಮೋಟಾರಿನ ವೇಗ ಏರಿಸಿ ಇಳಿಸುವ ಥ್ರಾಟಲ್ ಸ್ಟಿಕ್ಕಿನಲ್ಲಿ ಸಣ್ಣ ಕಟಕಟ ಇದೆ, ಎಷ್ಟು ಏರಿಸಿದೆ ಅಂತ ನೋಡದೆಯೇ ಬೆರಳಿಗೆ ಗೊತ್ತಾಗುತ್ತದೆ. ನಾಲ್ಕು ಎಎ ಸೆಲ್ ಹಾಕಿದರೆ ಸಾಕು. ಇದು ನನಗೆ ತುಂಬ ಮೆಚ್ಚುಗೆಯಾದ ಸಂಗತಿ. ಚಾರ್ಜ್ ಮರೆತಿದ್ದರೆ ದಾರಿಯಲ್ಲಿ ಯಾವ ಕಿರಾಣಿ ಅಂಗಡಿಯಲ್ಲಾದರೂ ಸೆಲ್ ಸಿಗುತ್ತದೆ. 4.2 ವೋಲ್ಟಿಗೆ ಇಳಿದರೆ ಕೂಗಿ ಎಚ್ಚರಿಸುತ್ತದೆ. ನಾನು ರೀಚಾರ್ಜ್ ಆಗುವ ಸೆಲ್ಲುಗಳನ್ನೇ ಹಾಕುತ್ತೇನೆ.

ಆನ್ ಮಾಡಿದಾಗ ಯಾವುದಾದರೂ ಸ್ವಿಚ್ ಕೆಳಗಿದ್ದರೆ, ಥ್ರಾಟಲ್ ಏರಿದ್ದರೆ, ಮುಂದಕ್ಕೆ ಹೋಗಲು ಬಿಡುವುದಿಲ್ಲ. ಎಲ್ಲ ಸ್ವಿಚ್ ಮೇಲೆ ಮಾಡಿ, ಥ್ರಾಟಲ್ ಇಳಿಸಿ ಅಂತ ಪರದೆಯಲ್ಲಿ ಬರೆದು ಪೀಂಪೀಂ ಅನ್ನುತ್ತದೆ. ಕೆಲವರಿಗೆ ಇದು ಕಿರಿಕಿರಿ. ನನಗೆ ಇದು ಬೇಕೇ ಬೇಕು. ಎಂಜಿನ್ ಆದರೆ ಶುರುವಾಗದೆ ಸತಾಯಿಸುತ್ತಿತ್ತು, ವಿದ್ಯುತ್ ಮೋಟಾರ್ ಹಾಗಲ್ಲ. ಥ್ರಾಟಲ್ ತಗುಲಿದ ಕ್ಷಣಕ್ಕೆ ಪ್ರೊಪೆಲರ್ ತಿರುಗುತ್ತದೆ, ಬೆರಳು ಅಲ್ಲೇ ಇದ್ದರೆ ಸೀಳಿಬಿಡುತ್ತದೆ. ಹಳಬರಿಗೆ ಈ ಅಭ್ಯಾಸವೇ ಇಲ್ಲ, ಯಾಕೆಂದರೆ ನಾವು ಪ್ರೊಪೆಲರನ್ನು ಕೈಯಿಂದ ಮುಟ್ಟಿ ತಿರುಗಿಸಿಯೇ ಬೆಳೆದವರು. ಅದಕ್ಕೇ ಮೆನುವಿನಲ್ಲಿರುವ ಮೋಟಾರ್ ತಿರುಗದಂತೆ ತಡೆಯುವ ಥ್ರಾಟಲ್ ಹೋಲ್ಡ್ ಅನ್ನು ಒಂದು ಸ್ವಿಚ್ಚಿಗೆ ಹಾಕಿಕೊಳ್ಳಿ. ವಿಮಾನ ಕೈಯಲ್ಲಿ ಎತ್ತಿಕೊಳ್ಳುವ ಮೊದಲು ಆ ಸ್ವಿಚ್ ಕೆಳಗಿರಬೇಕು.

ಮೆನು ಮಾತ್ರ ಸ್ವಲ್ಪ ತಲೆಹರಟೆ. ಪರದೆ ಕಪ್ಪು ಬಿಳುಪು, ನಾಲ್ಕೇ ಗುಂಡಿ. ಏನಾದರೂ ಬದಲಾಯಿಸಿದ ಮೇಲೆ ಉಳಿಸಲು ಕ್ಯಾನ್ಸಲ್ ಗುಂಡಿಯನ್ನು ಒತ್ತಿ ಹಿಡಿಯಬೇಕು. ಹೌದು, ಕ್ಯಾನ್ಸಲ್ಲನ್ನೇ. ಸುಮ್ನೆ ಒಂದು ಸಲ ಒತ್ತಿ ಬಿಟ್ಟರೆ ಮಾಡಿದ್ದೆಲ್ಲ ಹೋಯಿತು. ಇದನ್ನು ಮೊದಲೇ ಹೇಳಿಕೊಡುವವರಿಲ್ಲದಿದ್ದರೆ ಒಂದು ಸಂಜೆ ಪೂರ್ತಿ ಹಾಳು. ಇಷ್ಟು ಕಾಲದಿಂದ ಮಾರಾಟವಾಗುತ್ತಿರುವ ರಿಮೋಟಿನಲ್ಲಿ ಇದು ಹೀಗೇ ಇರಬೇಕಾಗಿರಲಿಲ್ಲ.

ಇನ್ನು ಈ ಬರಹದಲ್ಲಿ ಬೇರೆ ಏನನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ: ಫೇಲ್‌ಸೇಫ್. ಸಿಗ್ನಲ್ ತಪ್ಪಿದರೆ ರಿಸೀವರ್ ಏನು ಮಾಡಬೇಕು ಅನ್ನುವುದನ್ನು ನಾವೇ ಹೇಳಿಕೊಡಬೇಕು. ಪೆಟ್ಟಿಗೆಯಿಂದ ತೆಗೆದಾಗ ಎಲ್ಲ ಚಾನೆಲ್ಲಿಗೂ ಅದು ಆಫ್ ಇರುತ್ತದೆ. ಸಿಸ್ಟಮ್ ಮೆನು, ಅದರೊಳಗೆ ಆರ್‌ಎಕ್ಸ್ ಸೆಟಪ್, ಅದರೊಳಗೆ ಫೇಲ್‌ಸೇಫ್. ಮೂರನೇ ಚಾನೆಲ್, ಅಂದರೆ ಥ್ರಾಟಲ್, ಆರಿಸಿಕೊಂಡು ಆನ್ ಮಾಡಿ. ಸ್ಟಿಕ್ಕನ್ನು ಪೂರ್ತಿ ಕೆಳಗೆ ಹಿಡಿದುಕೊಂಡೇ ಕ್ಯಾನ್ಸಲ್ ಒತ್ತಿ ಹಿಡಿಯಿರಿ. ಆಮೇಲೆ ಪರೀಕ್ಷೆ ಮಾಡಿ. ಪ್ರೊಪೆಲರ್ ಬಿಚ್ಚಿಟ್ಟು, ಮೋಟಾರನ್ನು ಅರ್ಧ ವೇಗದಲ್ಲಿ ತಿರುಗಿಸುತ್ತ ರಿಮೋಟನ್ನು ಆರಿಸಿ. ಮೋಟಾರ್ ನಿಲ್ಲಬೇಕು. ನಿಲ್ಲದಿದ್ದರೆ ಮೈದಾನಕ್ಕೆ ಹೋಗಲೇಬೇಡಿ. ಒಂದು ಕೆಜಿ ತೂಕದ ವಸ್ತು ಪೂರ್ತಿ ವೇಗದಲ್ಲಿ ಯಾರ ಹಿಡಿತವೂ ಇಲ್ಲದೆ ಊರ ಕಡೆ ಹೋಗುವುದು ಅಂದರೆ ಏನು ಅಂತ ಯೋಚನೆ ಮಾಡಿ.

ರಿಸೀವರ್ ಎರಡು ಥರ ಸಿಗುತ್ತದೆ, ಐಎ6 ಮತ್ತು ಐಎ6ಬಿ. ಎರಡನೆಯದನ್ನೇ ಕೇಳಿ. ಒಂದೇ ತಂತಿಯಲ್ಲಿ ಎಲ್ಲ ಚಾನೆಲ್ ಕಳಿಸುವ ಐ-ಬಸ್ ಇದೆ, ಸೆನ್ಸರ್ ಸಿಕ್ಕಿಸಲು ಜಾಗ ಇದೆ, ಬೆಲೆಯಲ್ಲಿ ಅಂಥ ವ್ಯತ್ಯಾಸ ಇಲ್ಲ. ಅದರ ಎರಡು ತೆಳ್ಳನೆ ಆಂಟೆನಾ ತಂತಿಗಳನ್ನು ಒಂದಕ್ಕೊಂದು ಅಡ್ಡಲಾಗಿ, ಎಲ್ ಆಕಾರದಲ್ಲಿ ಅಂಟಿಸಿ. ಬ್ಯಾಟರಿ ಪಕ್ಕ ಬೇಡ. ರಿಮೋಟಿನ ಆಂಟೆನಾ ತುದಿಯನ್ನು ವಿಮಾನದ ಕಡೆ ಬೆರಳು ತೋರಿಸಿದ ಹಾಗೆ ಹಿಡಿಯಬೇಡಿ, ತುದಿಯ ದಿಕ್ಕಿನಲ್ಲೇ ಸಿಗ್ನಲ್ ಎಲ್ಲಕ್ಕಿಂತ ಕಮ್ಮಿ. ದೂರದ ಬಗ್ಗೆ ನನಗೆ ತಕರಾರಿಲ್ಲ. ವಿಮಾನ ಯಾವ ಕಡೆ ವಾಲಿದೆ ಅಂತ ನನ್ನ ಕಣ್ಣಿಗೆ ಕಾಣುವುದು ನಿಂತುಹೋಗುವಷ್ಟು ದೂರದಲ್ಲೂ ಇದು ಕೈಬಿಟ್ಟಿಲ್ಲ.

ಇದರ ಜೊತೆ ಯಾವ ವಿಮಾನ? ನಮ್ಮ ಪಕ್ಕದ ಮನೆಯ ಹುಡುಗ ತುಮಕೂರಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾನೆ. ಅವನೂ ನಾನೂ ಸೇರಿ ಫೋಮ್ ಹಾಳೆಯಲ್ಲಿ ಕಟ್ಟಿದೆವು. ರೆಕ್ಕೆ ವಿಮಾನದ ಮೈಮೇಲೆ ಕೂತಿರುವ ಟ್ರೇನರ್, ಅಂದರೆ ಕಲಿಯುವವರ ವಿಮಾನ, ಈ ತುದಿಯಿಂದ ಆ ತುದಿಗೆ ನಾಲ್ಕು ಅಡಿ. ಬಾಲ್ಸಾ ಮರ ಕತ್ತರಿಸಿ, ಟಿಶ್ಯೂ ಅಂಟಿಸಿ, ಡೋಪ್ ಅನ್ನುವ ವಾರ್ನಿಷ್ ಬಳಿದು ವಾರಗಟ್ಟಲೆ ಕೂತ ಕೈಗೆ ಗ್ಲೂ ಗನ್ನಿನಿಂದ ಒಂದೇ ದಿನಕ್ಕೆ ರೆಕ್ಕೆ ಆಗುವುದು ನೋಡಿ ಆಶ್ಚರ್ಯವೇ ಆಯಿತು. ಸಾಮಾನೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕಿತು. ಎ2212 ಅನ್ನುವ 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತು) ಮೋಟಾರ್, ಅದರ ವೇಗ ಹಿಡಿತದಲ್ಲಿಡುವ 30 ಆಂಪಿಯರಿನ ಇಎಸ್‌ಸಿ, 10 ಇಂಚಿನ ಪ್ರೊಪೆಲರ್, ರೆಕ್ಕೆ ಬಾಲದ ಪಟ್ಟಿಗಳನ್ನು ಅಲುಗಿಸುವ ನಾಲ್ಕು ಎಸ್‌ಜಿ90 ಸರ್ವೋ, 2200 ಎಂಎಎಚ್‌ನ ಮೂರು ಸೆಲ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಎಸ್‌ಜಿ90 ಒಂಬತ್ತೇ ಗ್ರಾಂ ತೂಗುವ ಪುಟಾಣಿ. ನಮ್ಮ ಕಾಲದ ಒಂದು ಸರ್ವೋ ತೂಕಕ್ಕೆ ಇಂಥವು ನಾಲ್ಕು ಬರುತ್ತವೆ. ಆದರೆ ಅಗ್ಗದ ಪೊಟ್ಟಣಗಳಲ್ಲಿ ಕೆಟ್ಟವೂ ಸೇರಿರುತ್ತವೆ. ಅಂಗಡಿಯಲ್ಲೇ ಸರ್ವೋ ಟೆಸ್ಟರಿಗೆ ಹಾಕಿಸಿ, ಒಂದೊಂದಾಗಿ ತಿರುಗಿಸಿ ನೋಡಿ. "ಎಲ್ಲಾ ಒಂದೇ ಸಾರ್, ನಂಬಿ ತಗೊಂಡು ಹೋಗಿ" ಅಂದರೆ ನಗುನಗುತ್ತಲೇ ಇನ್ನೊಂದು ಅಂಗಡಿಗೆ ನಡೆಯಿರಿ.

ಹುಡುಗನದು ಒಂದೇ ಹಟ. "ಅಂಕಲ್, ಒಂದು ಗೈರೋ ಹಾಕ್ಸಿಬಿಡಿ. ಕೈ ಬಿಟ್ರೂ ತಾನೇ ನೆಟ್ಟಗಾಗತ್ತೆ."

"ಬೇಡ ಕಣೋ. ಕೈ ಬಿಡೋಕೆ ನಾನು ಬಂದಿರೋದಲ್ಲ."

ಹೊಸದಾಗಿ ಕಲಿಯುವ ಮಕ್ಕಳಿಗೆ ಗೈರೋ ಒಳ್ಳೆಯದೇ, ವಿಮಾನ ಉಳಿಯುತ್ತದೆ. ಆದರೆ ವಾಪಸ್ ಬರುವವರಿಗೆ ಅದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಷ್ಟು ವರ್ಷ ಬಿಟ್ಟಿದ್ದರೂ ಬೆರಳಿಗೆ ಸ್ವಲ್ಪ ನೆನಪು ಇದ್ದೇ ಇರುತ್ತದೆ. ಎಲೆಕ್ಟ್ರಾನಿಕ್ಸ್ ಮಧ್ಯೆ ಬಂದರೆ ಆ ನೆನಪು ಏಳುವುದಿಲ್ಲ. ನಾನು ಏಲರಾನ್ (ರೆಕ್ಕೆ ಅಂಚಿನ ಅಲುಗುವ ಪಟ್ಟಿ) ಕೊಟ್ಟದ್ದಕ್ಕೆ ರೆಕ್ಕೆ ವಾಲಿತಾ, ಗಾಳಿಗೆ ವಾಲಿತಾ, ಗೈರೋ ಸರಿ ಮಾಡಿತಾ ಅಂತ ತಿಳಿಯದಿದ್ದರೆ ಹಾರಿಸಿದ ಸುಖ ಎಲ್ಲಿ ಬಂತು? ಎಫ್‌ಎಸ್-ಐ6 ಈ ವಿಷಯದಲ್ಲಿ ನೇರ. ಕೈ ಹೇಳಿದ್ದನ್ನು ವಿಮಾನಕ್ಕೆ ಮುಟ್ಟಿಸುತ್ತದೆ, ತನ್ನದೇನೂ ಸೇರಿಸುವುದಿಲ್ಲ.

ಕೈ ಸ್ವಲ್ಪ ನಡುಗುವವರಿಗೆ ಇದರಲ್ಲಿ ಒಂದು ಸಹಾಯ ಇದೆ. ಪಟ್ಟಿಗಳ ಒಟ್ಟು ಚಲನೆಯನ್ನೇ ಕಮ್ಮಿ ಮಾಡುವ ಡ್ಯುಯಲ್ ರೇಟ್ ಮತ್ತು ಎಕ್ಸ್‌ಪೋ. ಎಕ್ಸ್‌ಪೋ ಹಾಕಿದರೆ ಸ್ಟಿಕ್ಕಿನ ನಡುಭಾಗ ಮೆತ್ತಗಾಗುತ್ತದೆ, ಸಣ್ಣ ಅಲುಗಾಟಕ್ಕೆ ವಿಮಾನ ಕುಣಿಯುವುದಿಲ್ಲ. ತುದಿಗೆ ಹೋದಂತೆ ಪೂರ್ತಿ ಶಕ್ತಿ ಸಿಗುತ್ತದೆ. ಪರದೆ ಮೇಲೆ ಗೆರೆಯ ಚಿತ್ರವೇ ಬರುತ್ತದೆ. ನಡುವೆ ಗೆರೆ ಮಲಗಿದ ಹಾಗಿರಬೇಕು. ಏಲರಾನ್, ಬಾಲದ ಎಲಿವೇಟರ್ ಎರಡಕ್ಕೂ 30 ಇಟ್ಟುಕೊಂಡಿದ್ದೇನೆ, ಹಾಯಾಗಿದೆ.

ಮೈದಾನಕ್ಕೆ ಹೋಗುವ ಮೊದಲು ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಬಹುದು. ರಿಮೋಟಿನ ಹಿಂದೆ ಟ್ರೇನರ್ ಪೋರ್ಟ್ ಇದೆ. ಯುಎಸ್‌ಬಿ ಕೇಬಲ್ ಬೇರೆ ಕೊಂಡರೆ ಅದೇ ಜಾಯ್‌ಸ್ಟಿಕ್ ಆಗುತ್ತದೆ. ಪಿಕಾಸಿಮ್ ಅನ್ನುವ ಸಿಮ್ಯುಲೇಟರ್ ಪುಕ್ಕಟೆ ಸಿಗುತ್ತದೆ, ಅದೇ ಸಾಕು. ಮರೆತುಹೋಗಿರುವುದು ಒಂದೇ ಸಂಗತಿ: ವಿಮಾನ ನಮ್ಮ ಕಡೆಗೇ ಬರುವಾಗ ಎಡ ಬಲ ಅದಲು ಬದಲಾಗುತ್ತದೆ. ಹಿಂದೆ ನನಗೆ ಕಲಿಸಿದ ಉಪಾಯವನ್ನೇ ಹೇಳುತ್ತೇನೆ. ಎದುರಿಗೆ ಬರುತ್ತಿರುವಾಗ ಯಾವ ರೆಕ್ಕೆ ಕೆಳಗೆ ಬಾಗಿದೆಯೋ ಆ ಕಡೆಗೇ ಸ್ಟಿಕ್ ಒತ್ತಿ, ಬಿದ್ದ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಎಡ ಬಲ ಅಂತ ಯೋಚಿಸಲೇಬೇಡಿ. ವಿಮಾನ ನೆಟ್ಟಗಾಗುತ್ತದೆ.

ನಾವು ಹಾರಿಸುವುದು ಮಧುಗಿರಿ ಕಡೆಯ ಒಂದು ಕೆರೆ ಅಂಗಳದಲ್ಲಿ, ನೀರು ಬತ್ತಿದ ಮೇಲೆ. ಬೆಳಗ್ಗೆ ಆರೂವರೆ, ಏಳು ಗಂಟೆಗೆ ಗಾಳಿಯೇ ಇರುವುದಿಲ್ಲ. ಮೊದಲ ದಿನ ಹುಡುಗ ವಿಮಾನವನ್ನು ಹೆಗಲ ಎತ್ತರದಲ್ಲಿ ಹಿಡಿದು ನಾಲ್ಕು ಹೆಜ್ಜೆ ಓಡಿ ಬಿಟ್ಟ. ಥ್ರಾಟಲ್ ಮುಕ್ಕಾಲು. ಸ್ವಲ್ಪ ಎಡಕ್ಕೆ ವಾಲಿತು, ಹೆಬ್ಬೆರಳು ತಾನಾಗಿಯೇ ಬಲಕ್ಕೆ ಹೋಯಿತು. ನನ್ನ ತಲೆ ಇನ್ನೂ ಯೋಚಿಸುತ್ತಿತ್ತು, ಬೆರಳು ಆಗಲೇ ಮಾಡಿ ಮುಗಿಸಿತ್ತು. ಎರಡು ಟಕ್ ಟ್ರಿಮ್ ಕೊಟ್ಟೆ, ವಿಮಾನ ಹಳಿ ಮೇಲಿಟ್ಟಂತೆ ನೆಟ್ಟಗೆ ಹೋಯಿತು. ಹುಡುಗ "ಅಂಕಲ್, ತಿರುಗ್ಸಿ, ತಿರುಗ್ಸಿ" ಅಂತ ಕೂಗುತ್ತಿದ್ದ. ನನಗೆ ಕಣ್ಣು ತುಂಬಿ ಬಂದಿತ್ತು, ಹಾಗೇ ತಿರುಗಿಸಿದೆ. ಒಂದು ಹದ್ದು ಬಂದು ಮೇಲೊಂದು ಸುತ್ತು ಹಾಕಿ ನೋಡಿ ಹೋಯಿತು. ಹದ್ದು ಬಂದರೆ ಅದರಿಂದ ದೂರ ಇಳಿಸಿಕೊಳ್ಳಿ, ಆಟಕ್ಕೂ ಹತ್ತಿರ ಹೋಗಬೇಡಿ.

ಆಷಾಢದಲ್ಲಿ ಪೆಟ್ಟಿಗೆ ಮುಚ್ಚಿಡಿ. ಅದು ಗಾಳಿಪಟದ ಕಾಲ, ಫೋಮ್ ವಿಮಾನದ ಕಾಲ ಅಲ್ಲ.

ಜಾಗ ಆರಿಸುವಾಗ ಸರ್ಕಾರದ ಏರ್‌ಸ್ಪೇಸ್ ಮ್ಯಾಪ್ ನೋಡಲೇಬೇಕು. ನಾವು ಹುಡುಗರಾಗಿದ್ದಾಗ ಬಯಲು ಕಂಡಲ್ಲಿ ಹಾರಿಸುತ್ತಿದ್ದೆವು, ಈಗ ಹಾಗಲ್ಲ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ನಮ್ಮ ವಿಮಾನಗಳಿಗೂ ಅನ್ವಯಿಸುತ್ತವೆ. ಮ್ಯಾಪಿನಲ್ಲಿ ಕೆಂಪು, ಹಳದಿ, ಹಸಿರು ಅಂತ ಇದೆ. ಹಸಿರಿನಲ್ಲಿ 400 ಅಡಿವರೆಗೆ ಅಡ್ಡಿಯಿಲ್ಲ. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಾದರೆ 200 ಅಡಿವರೆಗೆ. ಬೆಂಗಳೂರಿನಲ್ಲಿ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಲ್ಲ ಸೇರಿ ಹಸಿರು ಉಳಿಯುವುದೇ ಕಷ್ಟ. ನಮ್ಮ ತುಮಕೂರು ಜಿಲ್ಲೆಯಲ್ಲೂ ಎಲ್ಲಾ ಕಡೆ ಖಾಲಿ ಅಂದುಕೊಳ್ಳಬೇಡಿ. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಿಂದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ನೋಂದಣಿ ಮುಂತಾದ ನಿಯಮಗಳನ್ನೂ ಒಮ್ಮೆ ಓದಿಕೊಳ್ಳಿ.

ಹಳಬರು ಹೊಸದಾಗಿ ಕಲಿಯಬೇಕಾದದ್ದು ಲಿಪೋ ಬ್ಯಾಟರಿ. ಒಂದು ಸೆಲ್ 4.2 ವೋಲ್ಟ್ ಅಂದರೆ ತುಂಬಿದೆ. ಇಟ್ಟುಬಿಡುವಾಗ 3.8ರ ಆಸುಪಾಸು ಇರಬೇಕು. ತುಂಬಿದ್ದನ್ನು ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟರೆ ಉಬ್ಬುತ್ತದೆ. ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಬೇಡಿ. ಎಲ್ಲ ಸೆಲ್ಲುಗಳನ್ನೂ ಒಂದೇ ಮಟ್ಟಕ್ಕೆ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬೇಕು, ಮೊಬೈಲ್ ಚಾರ್ಜರ್ ಥರ ಹಾಕಿಟ್ಟು ಮಲಗುವ ವಸ್ತು ಅಲ್ಲ ಅದು. ನಾನು ದೊಡ್ಡ ಮಣ್ಣಿನ ಮಡಕೆಯೊಳಗಿಟ್ಟು, ಅಂಗಳದಲ್ಲಿ, ಕಣ್ಣೆದುರೇ ಚಾರ್ಜ್ ಮಾಡುತ್ತೇನೆ. ಹಾರುವಾಗ ಈ ಬ್ಯಾಟರಿಯ ವೋಲ್ಟೇಜ್ ಎಫ್‌ಎಸ್-ಐ6ರಲ್ಲಿ ಹಾಗೇ ಕಾಣುವುದಿಲ್ಲ, ಅದಕ್ಕೆ ಬೇರೆ ಸೆನ್ಸರ್ ಬೇಕು. ಬ್ಯಾಟರಿಗೇ ಸಿಕ್ಕಿಸುವ ಪುಟ್ಟ ಬಜರ್ ಸಾಕು. ಅದರ ಕೂಗು ಕೆರೆ ಅಂಗಳದ ಆಚೆ ದಂಡೆಗೂ ಕೇಳಿಸುತ್ತದೆ.

ಈ ರಿಮೋಟ್ ಯಾರಿಗೆ ಬೇಡ? ನಾಳೆ ದೊಡ್ಡ ಜೆಟ್, ಕ್ಯಾಮೆರಾ ಹಾಕಿ ದೂರ ಹಾರಿಸುವುದು, ಫ್ಲಾಪು, ಗೇರು ಎಲ್ಲ ಬೇಕು ಅನ್ನುವವರು ಇನ್ನಷ್ಟು ದುಡ್ಡು ಹಾಕಿ ರೇಡಿಯೋಮಾಸ್ಟರ್ ಥರದ್ದನ್ನು ಈಗಲೇ ಕೊಂಡುಬಿಡಿ. ಅವುಗಳ ಸ್ಟಿಕ್ ನುಣುಪು, ಸೆಟ್ಟಿಂಗ್ ಬೇಕಾದಷ್ಟು. ಮೆನುವಿನಲ್ಲಿ ಮುಳುಗುವುದೂ ಅಷ್ಟೇ ಸುಲಭ. ಭಾನುವಾರ ಬೆಳಗ್ಗೆ ಒಂದು ಟ್ರೇನರ್, ಒಂದು ಗ್ಲೈಡರ್, ಕೈ ಕುದುರಿದ ಮೇಲೆ ಒಂದು ಕೆಳರೆಕ್ಕೆಯ ವಿಮಾನ ಇಷ್ಟೇ ಸಾಕು ಅನ್ನುವವರಿಗೆ ಎಫ್‌ಎಸ್-ಐ6 ಧಾರಾಳ.

ರಿಸೀವರ್ ಸೇರಿ ಐದು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಕೊಳ್ಳುವಾಗ ಮೋಡ್ 2 ಅಂತ ಖಚಿತ ಮಾಡಿಕೊಳ್ಳಿ, ಅಂದರೆ ಥ್ರಾಟಲ್ ಎಡಗೈಗೆ. ಪೆಟ್ಟಿಗೆಯಲ್ಲಿ ಬೈಂಡ್ ಪ್ಲಗ್ ಇದೆಯಾ ನೋಡಿ. ಎಎ ಸೆಲ್ ತೆಗೆದುಕೊಂಡು ಹೋಗಿ, ಅಂಗಡಿಯಲ್ಲೇ ಹಾಕಿ ಆನ್ ಮಾಡಿ. ಪರದೆ ಮೇಲೆ ಚಾನೆಲ್‌ಗಳ ಗೆರೆ ತೋರಿಸುವ ಡಿಸ್‌ಪ್ಲೇ ಪುಟ ತೆರೆದು, ಎರಡೂ ಸ್ಟಿಕ್ಕನ್ನು ಮೂಲೆಯಿಂದ ಮೂಲೆಗೆ ನಿಧಾನವಾಗಿ ತಿರುಗಿಸಿ. ಗೆರೆ ಎಲ್ಲೂ ಜಿಗಿಯದೆ, ತಡವರಿಸದೆ ಸರಿದರೆ ದುಡ್ಡು ಕೊಡಿ.